ಒಂಬತ್ತನೇ ಸೀಸೆಯಲ್ಲಿ ಏನಿದೆ

೧

ಈ ಕಥೆಯನ್ನು ಹೈಡ್ರೋಜನ್‌ನಿಂದ ಶುರು ಮಾಡಬೇಕೋ ಸಿಂಕಿನಿಂದ ಶುರು ಮಾಡಬೇಕೋ ಎಂದು ಮೂರು ದಿನ ತಲೆ ಕೆರೆದುಕೊಂಡಿದ್ದೇನೆ. ಹೈಡ್ರೋಜನ್ ಅಂದರೆ ಒಂದು ತೂಕ ಬರುತ್ತದೆ (ಧಾತುಗಳಲ್ಲೆಲ್ಲ ಹಗುರವಾದದ್ದು ಅದೇ ಎಂಬುದು ಬೇರೆ ಮಾತು). ಮೊದಲ ಧಾತು, ನಕ್ಷತ್ರಗಳ ಹೊಟ್ಟೆಯೊಳಗಿನ ಉರಿ, ಪಾಠಪುಸ್ತಕದ ಆಮ್ಲಗಳಲ್ಲೆಲ್ಲ ಕೂತಿರುವ ಆಸಾಮಿ. ಹೀಗೆ ಒಂದು ಪುಟ ಬರೆದೂ ಬಿಟ್ಟೆ. ಓದಿ ನೋಡಿದರೆ ವಿಜ್ಞಾನದ ಮೇಷ್ಟರು ಬೀಳ್ಕೊಡುಗೆ ಸಮಾರಂಭದಲ್ಲಿ ಮೈಕ್ ಹಿಡಿದಂತಿತ್ತು. ಹರಿದು ಹಾಕಿದೆ.

ಎರಡನೇ ಡ್ರಾಫ್ಟು: "ಆಕೆಯ ಬಲಗೈ ಮೇಲೆ ಆಮ್ಲ ಸುಟ್ಟ ಕಲೆಯೊಂದಿತ್ತು. ಹತ್ತೊಂಬತ್ತು ವರ್ಷಗಳ ಮೌನ ಆ ಕಲೆಯಲ್ಲಿ ಹೆಪ್ಪುಗಟ್ಟಿತ್ತು."

ಬರೆದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಆಕೆಯೇ ತಕರಾರು ತೆಗೆದಳು.

"ಎಲ್ಲಪ್ಪಾ ಕಲೆ? ತೋರಿಸು ನೋಡೋಣ." ಎರಡೂ ಕೈಗಳನ್ನು ನನ್ನ ಮೂಗಿನ ಕೆಳಗೆ ಚಾಚಿದಳು. "ಕೆಲಸ ಬರದೋರ ಕೈ ಮೇಲೆ ಇರುತ್ತೆ ಕಲೆ. ನನ್ನ ಕೈಯಲ್ಲಿ ಒಂದು ಚುಕ್ಕೆ ತೋರಿಸು. ಆಮೇಲೆ ಮೌನ ಅಂತೆ! ನಾನು ಯಾವತ್ತು ಬಾಯಿ ಮುಚ್ಚಿಕೊಂಡು ಕೂತಿದ್ದೆ, ಯಾರನ್ನಾದರೂ ಕೇಳು."

ಕಲೆ ಇರಲಿಲ್ಲ. ಉಗುರು ಮಾತ್ರ ತೊಳೆದು ತೊಳೆದು ಸವೆದಿದ್ದವು. ಆ ವಾಕ್ಯವೂ ಹೋಯಿತು. ಉಳಿದದ್ದು ಸಿಂಕು. ಅದಕ್ಕೆ ಬರಲು ಇನ್ನೂ ಸ್ವಲ್ಪ ಹೊತ್ತಿದೆ, ತಾಳಿ.

೨

ಒಂದು ಶಾಲೆಯ ರಸಾಯನಶಾಸ್ತ್ರದ ಲ್ಯಾಬು. ಉದ್ದನೆಯ ನಾಲ್ಕು ಮೇಜು, ಕಿಟಕಿ ಪಕ್ಕ ಒಂದು ಕಲ್ಲಿನ ಸಿಂಕು, ಗೋಡೆಗೆ ಮಾಸಿದ ಧಾತುಗಳ ಪಟ್ಟಿ. ಅದರ ಬಲತುದಿಯನ್ನು ಹಲ್ಲಿಯೊಂದು ಕಾಯಂ ಆಗಿ ಬಾಡಿಗೆಗೆ ಹಿಡಿದಿದೆ. ಇಲ್ಲಿ ಹೆಲ್ಪರ್ ಆಗಿರುವ ಹೆಂಗಸನ್ನು ಮಕ್ಕಳು, ಟೀಚರುಗಳು, ಹೆಡ್‌ಮಾಸ್ಟರು, ಎಲ್ಲರೂ ಅಕ್ಕ ಅಂತಲೇ ಕರೆಯುತ್ತಾರೆ. ವಯಸ್ಸು ನಲವತ್ತಮೂರು. ಕೆಲಸ: ಟೆಸ್ಟ್ ಟ್ಯೂಬ್ ತೊಳೆಯುವುದು, ಸೀಸೆ ತುಂಬುವುದು, ಲೇಬಲ್ ಅಂಟಿಸುವುದು. ಲೇಬಲಿನ ಮೇಲಿನ ದುಂಡು ಅಕ್ಷರ ಅವಳದು. ಸ್ಟಾಕ್ ರಿಜಿಸ್ಟರಿನಲ್ಲಿ ಸಹಿ ಮಾತ್ರ ಲ್ಯಾಬ್ ಅಸಿಸ್ಟೆಂಟರದು. ಹತ್ತೊಂಬತ್ತು ವರ್ಷ ಹೀಗೇ ನಡೆದಿದೆ: ಒಳಗೆ ಏನಿದೆ ಎಂದು ಗೊತ್ತಿರುವವಳು ಒಬ್ಬಳು, ಗೊತ್ತಿದೆ ಎಂದು ಸಹಿ ಹಾಕುವವರು ಇನ್ನೊಬ್ಬರು.

ಆ ಅಸಿಸ್ಟೆಂಟರು ಈಗ ರಿಟೈರಾಗಿದ್ದಾರೆ. ಕುರ್ಚಿ ಖಾಲಿ. ಕುರ್ಚಿ ಅಕ್ಕನಿಗೆ ಸಿಗಬಹುದು, ಒಂದು ಷರತ್ತಿನ ಮೇಲೆ: ಅವಳು ಶಾಲೆಯ ಕೊನೆಯ ಪರೀಕ್ಷೆ ಪಾಸಾಗಿರಬೇಕು. ಹುಡುಗಿಯಾಗಿದ್ದಾಗ ಅವಳು ಎಲ್ಲದರಲ್ಲೂ ಪಾಸಾಗಿ ವಿಜ್ಞಾನದಲ್ಲಿ ನಾಲ್ಕು ಅಂಕಕ್ಕೆ ಬಿದ್ದಿದ್ದಳು. (ಹೌದು, ವಿಜ್ಞಾನದಲ್ಲಿ ಬಿದ್ದವಳೇ ವಿಜ್ಞಾನದ ಪಾತ್ರೆ ತೊಳೆಯಲು ಬಂದಳು. ಇದನ್ನು ನಾನು ಹುಟ್ಟಿಸಿದ್ದಲ್ಲ, ಅವಳು ಹೇಳಿದ್ದು. ನಾನು ಹುಟ್ಟಿಸಿದ್ದರೆ ಇಷ್ಟು ಅಚ್ಚುಕಟ್ಟಾಗಿ ಕೂಡಿಬರಲು ಬಿಡುತ್ತಿರಲಿಲ್ಲ.) ಈ ವರ್ಷ ಖಾಸಗಿಯಾಗಿ ಕಟ್ಟಿದ್ದಾಳೆ. ಬರವಣಿಗೆಯ ಪರೀಕ್ಷೆ ಮುಗಿದಿದೆ. ಉಳಿದದ್ದು ಪ್ರಾಕ್ಟಿಕಲ್ ಒಂದೇ, ಅದೂ ಅವಳದೇ ಲ್ಯಾಬಿನಲ್ಲಿ. ಪಾಸಾದರೆ ಕುರ್ಚಿ. ಫೇಲಾದರೆ ಮುಂದಿನ ತಿಂಗಳು ಹೊರಗಿನಿಂದ ಹೊಸಬರು ಬರುತ್ತಾರೆ, ಅಕ್ಕ ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಅವರ ಕೈಗಿಡಬೇಕು, ಆಮೇಲೆ ಬೀರು ತೆಗೆಯಲು ಅವರನ್ನೇ ಕೇಳಬೇಕು.

ಇಷ್ಟೇ ವಿಷಯ. ಇದಕ್ಕಿಂತ ದೊಡ್ಡ ದುರಂತ ಬೇಕಾದವರು ಬೇರೆ ಕಥೆ ಹುಡುಕಿಕೊಳ್ಳಬಹುದು.

೩

ಮನೆಯಲ್ಲಿ ಪಾಠ ಹೇಳುವವಳು ಮಗಳು. ಇದೇ ಪರೀಕ್ಷೆಯನ್ನು ಎರಡು ವರ್ಷದ ಹಿಂದೆ ದಾಟಿದವಳು, ಆದ್ದರಿಂದ ಸೊಕ್ಕು ಇದೆ.

"ಅಮ್ಮ, ಹನ್ನೊಂದರಿಂದ ಹೇಳು."

"ಸೋಡಿಯಂ, ಮೆಗ್ನೀಷಿಯಂ, ಅಲ್ಯೂಮಿನಿಯಂ..."

"ಆಮೇಲೆ?"

"ಆಮೇಲೆ ರಂಜಕ."

"ಮಧ್ಯದಲ್ಲಿ ಒಂದನ್ನ ನುಂಗಿದೆ. ಸಿಲಿಕಾನ್ ಏನು ಪಾಪ ಮಾಡಿತ್ತು?"

"ಅದೊಂದು ನಾಲಿಗೆ ಮೇಲೆ ನಿಲ್ಲಲ್ಲ ಕಣೆ."

"ದಿನಾ ತೊಳೀತೀಯಲ್ಲ ಗಾಜು, ಅದರೊಳಗೆ ಇರೋದೇ ಅದು."

ಅಕ್ಕ ಪಕ್ಕದಲ್ಲಿದ್ದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ಸಿಲಿಕಾನ್ ಕಾಣಲಿಲ್ಲ, ಬೆರಳಿನ ಗುರುತು ಕಂಡಿತು. ಸೆರಗಿನಿಂದ ಒರೆಸಿ ಇಟ್ಟಳು.

"ಸೋಡಿಯಂಗೆ ಎಸ್ ಅಂತ ಬರೆಯೋದು ಬಿಟ್ಟು ಎನ್ ಎ ಅಂತ ಯಾಕೆ ಬರೀತಾರೆ?"

"ಲ್ಯಾಟಿನ್ ಹೆಸರು ನೇಟ್ರಿಯಂ ಅಂತ."

"ಅಂದ್ರೆ ನಿಮ್ಮಪ್ಪನ ಥರ. ಮನೇಲಿ ಕರೆಯೋ ಹೆಸರೊಂದು, ಆಫೀಸಲ್ಲಿ ಇನ್ನೊಂದು."

"ಅಮ್ಮ, ಮಾತು ಹಾರಿಸಬೇಡ. ವೈವಾ ಪ್ರಶ್ನೆ. ಆಮ್ಲಕ್ಕೆ ಪ್ರತ್ಯಾಮ್ಲ ಸೇರಿಸಿದರೆ ಏನಾಗುತ್ತೆ?"

"ಪೈಪು ಉಳಿಯುತ್ತೆ."

ಮಗಳು ಪುಸ್ತಕವನ್ನು ಮುಖಕ್ಕೆ ಮುಚ್ಚಿಕೊಂಡಳು. "ಲವಣ ಮತ್ತು ನೀರು, ಅಮ್ಮ! ಲವಣ ಮತ್ತು ನೀರು!"

"ಅದೂ ಆಗುತ್ತೆ," ಎಂದಳು ಅಕ್ಕ. "ಮೊದಲು ಪೈಪು ಉಳಿಯುತ್ತೆ."

ಅವಳು ಹೇಳಿದ್ದು ತಪ್ಪಲ್ಲ. ಸಿಂಕಿನ ಕೆಳಗಿನ ಪೈಪು ಹಳೆಯ ಕಬ್ಬಿಣದ್ದು. ಉಳಿದ ಆಮ್ಲವನ್ನು ಹಾಗೇ ಸುರಿದು ಸುರಿದು ಅದು ಎರಡು ಸಲ ತೂತಾಗಿ, ಪ್ಲಂಬರು ಬಂದು ಅಕ್ಕನಿಗೆ ಮುಖದ ಮೇಲೆ ಹೊಡೆದಂತೆ ಬೈದು ಹೋಗಿದ್ದ. ಅಂದಿನಿಂದ ಅವಳದೊಂದು ಪದ್ಧತಿ. ಸಂಜೆ ಸಿಂಕಿನ ಕಟ್ಟೆ ಮೇಲೆ ಆಮ್ಲ ಉಳಿದ ಯಾವ ಪಾತ್ರೆ ಇದ್ದರೂ ಅದಕ್ಕೆ ಸೋಡಾ ಪುಡಿ ಹಾಕುವುದು. ಬುಸ್ ಎಂದು ನೊರೆ ಏಳುತ್ತದೆ. ಬುಸುಗುಡುವುದು ನಿಲ್ಲುವ ತನಕ ಹಾಕಿ, ಪ್ಲಂಬರನ ಬಾಯಿಗೆ ಹೆದರಿ ಒಂದು ಚಮಚ ಹೆಚ್ಚಿಗೆ ಹಾಕಿ, ಆಮೇಲೆ ಸುರಿಯುವುದು. ಹತ್ತು ವರ್ಷದಿಂದ ಈ ಕೆಲಸಕ್ಕೆ ಅವಳ ತಲೆ ಬೇಕಾಗಿಲ್ಲ, ಕೈ ಸಾಕು.

೪

ಈಗ ಬುದ್ಧಿವಂತ ಓದುಗರೊಬ್ಬರು ಕೈಯೆತ್ತುತ್ತಾರೆ: ಪರೀಕ್ಷೆಯ ಸೀಸೆ ತುಂಬುವವಳೂ ಅವಳೇ ಅಲ್ಲವೇ? ಯಾವುದರಲ್ಲಿ ಏನಿದೆ ಎಂದು ಮೊದಲೇ ಗೊತ್ತಿದ್ದರೆ ಇದೆಂಥ ಪರೀಕ್ಷೆ, ಇದೆಂಥ ಕಥೆ?

ಈ ಪ್ರಶ್ನೆ ನನಗೂ ಬಂತು, ನಾಲ್ಕನೇ ಡ್ರಾಫ್ಟಿನಲ್ಲಿ. (ಮೂರನೇ ಡ್ರಾಫ್ಟನ್ನು ಕೇಳಬೇಡಿ. ಅದರಲ್ಲಿ ಹಲ್ಲಿ ಮಾತಾಡುತ್ತಿತ್ತು.) ಆದರೆ ನಡೆದದ್ದು ಹೀಗೆ. ಬೇರೆ ಶಾಲೆಯ ಹೆಲ್ಪರ್ ಬಂದು ತುಂಬಬೇಕೆಂದು ಏರ್ಪಾಡಾಗಿತ್ತು. ಹಿಂದಿನ ದಿನ ಮಧ್ಯಾಹ್ನ ಆತ ಜ್ವರ ಎಂದು ಫೋನ್ ಮಾಡಿದ. ರಸಾಯನಶಾಸ್ತ್ರದ ಟೀಚರಿಗೆ ಕೈಕಾಲು ಆಡಲಿಲ್ಲ. ಈ ಟೀಚರು ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವಳು. ಇದೇ ಲ್ಯಾಬಿನಲ್ಲಿ ಓದಿ, ಒಮ್ಮೆ ಪಿಪೆಟ್ಟಿನಲ್ಲಿ ಪ್ರತ್ಯಾಮ್ಲವನ್ನು ಜೋರಾಗಿ ಎಳೆದು ಬಾಯಿ ತುಂಬ ಕಹಿ ಜಾರು ನೀರು ತುಂಬಿಕೊಂಡು, ಅಕ್ಕನ ಕೈಯಿಂದ ಇಪ್ಪತ್ತು ಲೋಟ ನೀರಿನಲ್ಲಿ ಬಾಯಿ ತೊಳೆಸಿಕೊಂಡವಳು.

"ಅಕ್ಕ, ಬೇರೆ ದಾರಿ ಇಲ್ಲ. ನೀವೇ ತುಂಬಿಬಿಡಿ. ಇಪ್ಪತ್ತು ಸೀಸೆ, ಪಟ್ಟಿ ಬರೆದುಕೊಡಿ, ನಾನು ನನ್ನ ಅಕ್ಷರದಲ್ಲಿ ನಕಲು ಮಾಡ್ಕೋತೀನಿ."

"ನಾನೂ ಪರೀಕ್ಷೆಗೆ ಕೂರೋಳು ಅಲ್ವಾ ಮೇಡಂ? ಸರಿ ಹೋಗುತ್ತಾ?"

"ಸರಿ ಹೋಗಲ್ಲ. ಅದಕ್ಕೇ ಹೇಳ್ತಿರೋದು, ಹೊರಗಿನ ಪರೀಕ್ಷಕರ ಮುಂದೆ ಬಾಯಿ ಬಿಡಬೇಡಿ. ಗೊತ್ತಾದರೆ ನಿಮ್ಮ ಪರೀಕ್ಷೆ ಅಲ್ಲ, ಮೊದಲು ನನ್ನ ಕೆಲಸಕ್ಕೆ ಸಂಚಕಾರ. ನಂಬರು ಚೀಟಿ ಎತ್ತಿಸ್ತೀವಲ್ಲ, ಯಾವುದು ಬರುತ್ತೋ ಯಾರಿಗೆ ಗೊತ್ತು."

ಯಾವುದು ಬಂದರೂ ಅಕ್ಕನಿಗೆ ಗೊತ್ತು ಎಂಬ ಸಣ್ಣ ವಿಷಯವನ್ನು ಇಬ್ಬರೂ ಜೋರಾಗಿ ಹೇಳಿಕೊಳ್ಳಲಿಲ್ಲ.

೫

ಸಿಂಕು ಬಂತು.

ಹಿಂದಿನ ದಿನ ಸಂಜೆ ನಾಲ್ಕೂವರೆ. ಇಪ್ಪತ್ತು ಸೀಸೆಗಳು ತುಂಬಿ ಸಾಲಾಗಿ ನಿಂತಿದ್ದವು: ಕೆಲವು ಆಮ್ಲ, ಕೆಲವು ಪ್ರತ್ಯಾಮ್ಲ, ಕೆಲವು ಬರೀ ಉಪ್ಪುನೀರು. ಎಲ್ಲವೂ ನೀರಿನ ಬಣ್ಣ. ಕಣ್ಣಿಗೆ ಯಾವುದೂ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ಒಂದು ಸೀಸೆಯ ಲೇಬಲ್ ಮಾತ್ರ ಒದ್ದೆಯಾಗಿ ಶಾಯಿ ಹರಡಿತ್ತು. ಅಕ್ಕ ಹೊಸ ಲೇಬಲ್ ಬರೆದು ಅಂಟಿಸಿ, ಒದ್ದೆಯಾದ ಮುಚ್ಚಳವನ್ನೂ ತೆಗೆದು, ಗಾಳಿಗೆ ಒಣಗಲೆಂದು ಸೀಸೆಯನ್ನು ಕಿಟಕಿ ಪಕ್ಕ, ಸಿಂಕಿನ ಕಟ್ಟೆ ಮೇಲೆ ಇಟ್ಟಳು. ಆಮೇಲೆ ಎಂದಿನಂತೆ ಕಟ್ಟೆಯ ಪಾತ್ರೆಗಳನ್ನು ತೊಳೆಯಲು ನಿಂತಳು. ಬಾಯಲ್ಲಿ ಧಾತುಗಳ ಪಟ್ಟಿ, ಕೈಯಲ್ಲಿ ಸೋಡಾ ಚಮಚ. ಅಲ್ಯೂಮಿನಿಯಂ... ಅಲ್ಯೂಮಿನಿಯಂ... ಕಣ್ಣು ಗೋಡೆಯ ಮೇಲೆ. ಹಲ್ಲಿ ಒಂದು ಹೆಜ್ಜೆ ಸರಿಯಿತು.

"ಸಿಲಿಕಾನ್!" ಎಂದು ಒಬ್ಬಳೇ ಕೂಗಿದಳು. ಕೆಳಗೆ ಏನೋ ಬುಸ್ ಅಂದಿತು. ಲ್ಯಾಬಿನಲ್ಲಿ ಸಂಜೆ ಏನಾದರೊಂದು ಬುಸ್ ಅನ್ನುವುದು ಇದ್ದದ್ದೇ. ಸುರಿಯುವ ಸರದಿ ಬಂದಾಗ ಹೊಸ ಲೇಬಲ್ ಕಣ್ಣಿಗೆ ಬಿತ್ತು, ಆ ಸೀಸೆಗೆ ಮುಚ್ಚಳ ಹಾಕಿ ಸಾಲಿಗೆ ಸೇರಿಸಿದಳು.

(ಆ ಬುಸ್ ಯಾವ ಸೀಸೆಯದು ಎಂದು ನಿಮಗೆ ಅರ್ಥವಾಗಿರಬೇಕು. ಅಕ್ಕನಿಗೆ ಆಗಲಿಲ್ಲ. ಇದೊಂದೇ ಜಾಗದಲ್ಲಿ ನೀವು ಅವಳಿಗಿಂತ ಮುಂದಿದ್ದೀರಿ, ಹೆಚ್ಚು ಬೀಗಬೇಡಿ.)

೬

ಬೆಳಿಗ್ಗೆ ಹತ್ತು ಗಂಟೆ. ಹತ್ತೊಂಬತ್ತು ಮಕ್ಕಳು, ಒಬ್ಬಳು ಅಕ್ಕ. ಹೊರಗಿನ ಪರೀಕ್ಷಕಿ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಬೀಕರಿನಲ್ಲಿ ಚೀಟಿಗಳು. ಅಕ್ಕ ಎತ್ತಿದಳು. ಒಂಬತ್ತು.

ಒಂಬತ್ತು ಅಂದರೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಬಾಟಲಿ ತುಂಬಿದ ಕೈಗೇ ಗೊತ್ತು. ಅಕ್ಕ ಒಳಗೊಳಗೇ ನಕ್ಕಳು. ಆದರೂ ಶಾಸ್ತ್ರ ಬಿಡಬಾರದಲ್ಲ. ಉತ್ತರ ಪತ್ರಿಕೆಯಲ್ಲಿ ಮೂರು ಕಾಲಂ ಗೆರೆ ಎಳೆದಳು: ಪ್ರಯೋಗ, ವೀಕ್ಷಣೆ, ತೀರ್ಮಾನ. ಟೆಸ್ಟ್ ಟ್ಯೂಬಿಗೆ ಒಂದಿಷ್ಟು ಸುರಿದು ನೀಲಿ ಲಿಟ್ಮಸ್ ಅದ್ದಿದಳು. ಆಮ್ಲವಾದರೆ ಕೆಂಪಾಗಬೇಕು.

ನೀಲಿ ನೀಲಿಯಾಗಿಯೇ ಇತ್ತು.

ಲಿಟ್ಮಸ್ ಕೆಟ್ಟಿರಬೇಕು ಅಂದುಕೊಂಡಳು. ಕೆಟ್ಟಿರಲು ಸಾಧ್ಯವಿರಲಿಲ್ಲ. ಹಿಂದೊಮ್ಮೆ ಲಿಟ್ಮಸ್ ಪುಸ್ತಕಗಳನ್ನು ಆಮ್ಲದ ಬೀರುವಿನಲ್ಲೇ ಇಟ್ಟು, ಹೊಗೆ ತಾಗಿ ನೀಲಿಯೆಲ್ಲ ತಾನಾಗಿ ಕೆಂಪಾದ ಮೇಲೆ ಅವಳು ಅವನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಬೇರೆ ಇಡುತ್ತಿದ್ದಳು. ಕೆಂಪು ಲಿಟ್ಮಸ್ ಅದ್ದಿದಳು. ನೀಲಿಯಾಯಿತು. ಫಿನಾಫ್ತಲೀನ್ ಎರಡು ಹನಿ ಬಿಟ್ಟಳು. ಮದುವೆ ಹೆಣ್ಣಿನ ಕೆನ್ನೆಯಂತೆ ಗುಲಾಬಿ ಬಣ್ಣ. (ಹೋಲಿಕೆ ಹಳಸಲು, ಗೊತ್ತು. ಅಕ್ಕನ ಕುರ್ಚಿ ಕೈತಪ್ಪುತ್ತಿದ್ದ ಹೊತ್ತಿನಲ್ಲಿ ಹೊಸ ಹೋಲಿಕೆ ಹುಡುಕುತ್ತಾ ಕೂರಲು ಮನಸ್ಸಾಗಲಿಲ್ಲ.)

ಪ್ರತ್ಯಾಮ್ಲ. ಸಂಶಯವೇ ಇಲ್ಲ.

ಕೊನೆಗೆ ಇನ್ನೊಂದು ಟ್ಯೂಬಿಗೆ ಅದೇ ದ್ರಾವಣ ಸುರಿದು, ಮೇಜಿನ ಮೇಲಿದ್ದ ಆಮ್ಲವನ್ನು ನಾಲ್ಕು ಹನಿ ಬಿಟ್ಟಳು. ಅದು ಬುಸ್ ಅಂದಿತು.

ಆ ಸದ್ದು ಅವಳಿಗೆ ಗೊತ್ತು. ಸೋಡಾ ಇದ್ದ ಕಡೆ ಆಮ್ಲ ಬಿದ್ದರೆ ಬರುವ ಸದ್ದು. ಸೋಡಾ ಎಲ್ಲಿಂದ ಬಂತು? ಅಕ್ಕ ನಿಂತಲ್ಲೇ ಕಣ್ಣು ಮುಚ್ಚಿ ನಿನ್ನೆಯ ಸಂಜೆಯನ್ನು ಧಾತುಗಳ ದಾರ ಹಿಡಿದು ಹಿಂದಕ್ಕೆ ಎಳೆದಳು. ಸೋಡಿಯಂ, ಮೆಗ್ನೀಷಿಯಂ, ಅಲ್ಯೂಮಿನಿಯಂ. ಕಿಟಕಿ. ಒದ್ದೆ ಲೇಬಲ್. ಸಿಲಿಕಾನ್. ಬುಸ್.

ಪತ್ತೇದಾರಿಯೂ ಅವಳೇ, ಕಳ್ಳಿಯೂ ಅವಳೇ.

ಕಣ್ಣು ಬಿಟ್ಟರೆ ಎದುರಿನ ಗೋಡೆಗೆ ಒರಗಿದ್ದ ಟೀಚರು ಅವಳ ಕೈಯ ನೀಲಿ ಕಾಗದವನ್ನು ನೋಡುತ್ತಿದ್ದಳು. ಟೀಚರಿಗೆ ಸೀಸೆಗಳ ಪಟ್ಟಿ ಬಾಯಿಪಾಠ. ಪರೀಕ್ಷಕಿ ಆ ಕಡೆ ತಿರುಗಿದ್ದೇ ತಡ, ಸದ್ದಿಲ್ಲದೆ ತುಟಿ ಆಡಿಸಿದಳು: ಆ-ಮ್ಲ.

೭

ಇಲ್ಲಿಗೆ ನನ್ನ ಕೆಲಸ ಸುಲಭವಾಯಿತು ಅಂದುಕೊಂಡೆ. ಮೂರು ಮುಕ್ತಾಯ ತಯಾರಿಟ್ಟುಕೊಂಡು ಅಕ್ಕನ ಮುಂದೆ ಹರಡಿದೆ.

ಮುಕ್ತಾಯ ಅ: ತೀರ್ಮಾನದ ಕಾಲಂನಲ್ಲಿ 'ಆಮ್ಲ' ಎಂದು ಬರೆಯುತ್ತಾಳೆ. ಪಟ್ಟಿಗೆ ಹೊಂದುತ್ತದೆ. ಪಾಸು, ಕುರ್ಚಿ, ರಿಜಿಸ್ಟರಿನಲ್ಲಿ ಸಹಿ.

"ವೀಕ್ಷಣೆ ಕಾಲಂನಲ್ಲಿ ಏನು ಬರೀಲಿ?" ಎಂದು ಕೇಳಿದಳು.

"ನೀಲಿ ಕೆಂಪಾಯಿತು ಅಂತ ಬರೆಯಕ್ಕ."

"ಆಗಿಲ್ವಲ್ಲೋ. ಕೆಂಪು ನೀಲಿಯಾಗಿ ಇಲ್ಲೇ ಬಿದ್ದಿದೆ, ಕಣ್ಣಿಲ್ವಾ ನಿಂಗೆ? ಕುರ್ಚಿ ಮೇಲೆ ಕೂತು ಮೊದಲನೇ ಸಹಿ ಹಾಕುವಾಗ ಈ ಕಾಗದ ನೆನಪಾಗಲ್ವಾ?"

ಮುಕ್ತಾಯ ಆ: ಕೈಯೆತ್ತಿ ಎಲ್ಲ ಹೇಳಿಬಿಡುತ್ತಾಳೆ. ಸೀಸೆ ತುಂಬಿದ್ದು ನಾನು, ಕೆಡಿಸಿದ್ದೂ ನಾನು. ಓದುಗರ ಕಣ್ಣಲ್ಲಿ ನೀರು.

"ಆ ಹುಡುಗಿ ಕೆಲಸ ಕಳ್ಕೊಳ್ತಾಳೆ," ಎಂದು ಟೀಚರ ಕಡೆ ಗಲ್ಲ ಎತ್ತಿ ತೋರಿಸಿದಳು. "ಅವಳ ಬಾಯಿ ತೊಳೆಸಿದೋಳು ನಾನು. ಈಗ ಅವಳ ಅನ್ನಕ್ಕೆ ಕಲ್ಲು ಹಾಕ್ಲಾ? ಬರೆಯೋಕೆ ನಿಂಗೇನು, ಒಂದು ಸಾಲು."

ನನಗೆ ಸಿಟ್ಟು ಬಂತು. "ಹಾಗಾದರೆ ಹಿಂದಕ್ಕೆ ಹೋಗೋಣ. ಚೀಟಿ ನನ್ನ ಕೈಯಲ್ಲಿದೆ. ನಿನಗೆ ಹನ್ನೆರಡು ಕೊಡ್ತೀನಿ, ಉಪ್ಪುನೀರು, ಯಾವ ರಗಳೆಯೂ ಇಲ್ಲ."

"ಅಲ್ವಾ ಮತ್ತೆ! ಇಪ್ಪತ್ತು ಸೀಸೆ ಇತ್ತು. ನನಗೇ ಯಾಕೆ ಒಂಬತ್ತು ಕೊಟ್ಟೆ ಅಂತ ನಾನೇ ಕೇಳೋಣ ಅಂತಿದ್ದೆ."

ಸರಿ, ಮುಕ್ತಾಯ ಇ. ಅಕ್ಕನಿಗೆ ಹನ್ನೆರಡು. ಒಂಬತ್ತು ಆ ಮೂಲೆಯ, ಎರಡು ಜಡೆಯ, ಪೆನ್ಸಿಲ್ ಕಚ್ಚುವ ಹುಡುಗಿಗೆ. ಅವಳು ಕೆಂಪು ಕಾಗದ ಅದ್ದುತ್ತಾಳೆ, ನೀಲಿಯಾಗುತ್ತದೆ, ಪ್ರತ್ಯಾಮ್ಲ ಎಂದು ಬರೆಯುತ್ತಾಳೆ. ಪಟ್ಟಿಯಲ್ಲಿ ಆಮ್ಲ ಎಂದಿದೆ. ಸೊನ್ನೆ. ಕಂಡದ್ದನ್ನು ಬರೆದೂ ಯಾಕೆ ತಪ್ಪಾಯಿತು ಎಂದು ಆ ಹುಡುಗಿಗೆ ಜನ್ಮವಿಡೀ ಗೊತ್ತಾಗುವುದಿಲ್ಲ. ಅಕ್ಕನಿಗೂ ಗೊತ್ತಾಗುವುದಿಲ್ಲ. ಅಕ್ಕ ಪಾಸು.

ಓದಿ ಹೇಳಿದೆ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. (ಮೌನ! ಎರಡನೇ ಡ್ರಾಫ್ಟಿನಲ್ಲಿ ನಾನು ಬೇಡಿಕೊಂಡಾಗ ಕೊಡದೆ ಇದ್ದದ್ದು.)

"ನಾನು ಹುಡುಗಿಯಾಗಿದ್ದಾಗ ನಾಲ್ಕು ಅಂಕಕ್ಕೆ ಬಿದ್ದಿದ್ದು ಪ್ರಾಕ್ಟಿಕಲ್‌ನಲ್ಲೇ," ಎಂದಳು ಆಮೇಲೆ. "ಏನು ತಪ್ಪು ಮಾಡಿದೆ ಅಂತ ಇವತ್ತಿಗೂ ಗೊತ್ತಿಲ್ಲ."

ಅದು ಯಾರೋ ಹೆಲ್ಪರರ ಸೋಡಾ ಚಮಚವಾಗಿತ್ತು ಎಂದು ಬರೆಯಲು ಪೆನ್ನು ತುದಿಗಾಲ ಮೇಲೆ ನಿಂತಿತು. ಬರೆಯಲಿಲ್ಲ. ನನಗೆ ಗೊತ್ತಿಲ್ಲದ್ದು ನನಗೆ ಗೊತ್ತಿಲ್ಲ.

"ಒಂಬತ್ತು ನನಗೇ ಇರಲಿ," ಎಂದಳು. "ಮಗೂಗೆ ಹನ್ನೆರಡು ಕೊಡು. ನೀನು ಈಗ ಆ ಕಡೆ ಸರಿ, ಬೆಳಕಿಗೆ ಅಡ್ಡ ನಿಂತಿದ್ದೀಯ."

೬ (ಮತ್ತೆ)

ಅಕ್ಕ ಬರೆದಳು. ಲೇಬಲ್ಲಿನ ಅದೇ ದುಂಡು ಅಕ್ಷರ. ನೀಲಿ ಲಿಟ್ಮಸ್: ಬದಲಾವಣೆ ಇಲ್ಲ. ಕೆಂಪು ಲಿಟ್ಮಸ್: ನೀಲಿಯಾಯಿತು. ಫಿನಾಫ್ತಲೀನ್: ಗುಲಾಬಿ. ಆಮ್ಲದ ಹನಿ ಬಿಟ್ಟಾಗ: ಬುಸ್ ಎಂದಿತು. 'ಬುಸ್ ಎಂದಿತು' ಹೊಡೆದು ಹಾಕಿ 'ಗುಳ್ಳೆಗಳು ಬಂದವು' ಎಂದು ಬರೆದಳು, ಮಗಳಿಗೆ ಹೆದರಿ. ತೀರ್ಮಾನ: ಪ್ರತ್ಯಾಮ್ಲ.

ಗೋಡೆಗೆ ಒರಗಿದ್ದ ಟೀಚರು ಮುಖದ ಮೇಲೆ ಕೈಯಿಟ್ಟುಕೊಂಡಳು.

ಪರೀಕ್ಷಕಿ ಮೇಜಿನಿಂದ ಮೇಜಿಗೆ ಬಂದರು. ಎಡಗೈಯಲ್ಲಿ ಪಟ್ಟಿ, ಬಲಗೈಯಲ್ಲಿ ಕೆಂಪು ಪೆನ್ನು. ಪ್ರತಿ ಮೇಜಿನಲ್ಲೂ ಅವರದು ಒಂದೇ ಕ್ರಮ: ಉತ್ತರ ನೋಡು, ಪಟ್ಟಿ ನೋಡು, ಗೀಟು ಎಳೆ. ಸೀಸೆಯನ್ನು ಒಮ್ಮೆಯೂ ನೋಡಿರಲಿಲ್ಲ. ಅದರಲ್ಲಿ ಅವರ ತಪ್ಪೇನಿಲ್ಲ, ಇಪ್ಪತ್ತು ಜನ, ಮಧ್ಯಾಹ್ನ ಇನ್ನೊಂದು ಶಾಲೆ. ಅಕ್ಕನ ಹಾಳೆ ನೋಡಿದರು. ಪಟ್ಟಿ ನೋಡಿದರು. ಹುಬ್ಬು ಮೇಲೇರಿತು.

"ಒಂಬತ್ತಲ್ವಾ ನಿಮ್ಮದು?"

"ಹೌದು ಮೇಡಂ."

"ಇನ್ನೊಂದು ಸಲ ಯೋಚನೆ ಮಾಡಿ. ತಿದ್ದೋದಿದ್ರೆ ಈಗಲೇ ತಿದ್ದಬಹುದು."

ಒಳ್ಳೆಯ ಹೆಂಗಸು, ಬಾಗಿಲು ತೆರೆದೇ ಹಿಡಿದರು. ಅಕ್ಕ ಟೀಚರ ಕಡೆ ನೋಡಲಿಲ್ಲ, ನನ್ನ ಕಡೆಯಂತೂ ನೋಡಲೇ ಇಲ್ಲ.

"ಯೋಚನೆ ಮಾಡಿ ಬರೆದಿದ್ದಲ್ಲ ಮೇಡಂ," ಎಂದಳು. "ಅದ್ದಿ ನೋಡಿ ಬರೆದಿದ್ದು."

ಬಿಸ್ಕತ್ತಿನ ಡಬ್ಬಿಯಿಂದ ಲಿಟ್ಮಸ್ ಪುಸ್ತಕ ತೆಗೆದು ಒಂದು ಕೆಂಪು ಕಾಗದ ಹರಿದಳು. ಒಂಬತ್ತನೇ ಸೀಸೆಯ ಮುಚ್ಚಳ ತೆಗೆದಳು. ಎರಡನ್ನೂ ಪರೀಕ್ಷಕಿಯ ಮುಂದೆ, ಮೇಜಿನ ಅಂಚಿಗೆ ಸರಿಸಿದಳು.

"ಒಂದು ಸಲ ನೀವೇ ಅದ್ದಿಬಿಡಿ."

ಕೆಂಪು ಪೆನ್ನು ಹಾಳೆಯಿಂದ ಒಂದು ಬೆರಳು ಮೇಲೆ ನಿಂತಿತು. ಇನ್ನೊಂದು ಕೈ ತುಂಬ ಪಟ್ಟಿ. ಕಾಗದ ಎತ್ತಿಕೊಳ್ಳಬೇಕಾದರೆ ಎರಡರಲ್ಲಿ ಒಂದನ್ನು ಕೆಳಗಿಡಬೇಕು.

೮

ಮುಂದೇನಾಯಿತು ಎಂದು ಕೇಳುತ್ತೀರಿ. ಪರೀಕ್ಷಕಿ ಅದ್ದಿದರೇ? ಅದ್ದಿ, ಪಟ್ಟಿ ಬರೆದವರು ಯಾರು ಎಂದು ಕೇಳಿದರೇ? ಟೀಚರು ಬಾಯಿ ಬಿಟ್ಟಳೇ? ಕುರ್ಚಿ ಸಿಕ್ಕಿತೇ? ಒಂದು ಸಲ ಬರೆದೆ, ಸಿಕ್ಕಿತು ಅಂತ. ಅಕ್ಕ ಓದಿ, "ನೀನು ಅದ್ದಿ ನೋಡಿದ್ಯಾ?" ಎಂದಳು. ಇನ್ನೊಂದು ಸಲ ಬರೆದೆ, ಸಿಗಲಿಲ್ಲ ಅಂತ. ಮತ್ತೆ ಅದನ್ನೇ ಕೇಳಿದಳು. ನಾನು ಅದ್ದಿರಲಿಲ್ಲ. ಆದ್ದರಿಂದ ತೀರ್ಮಾನದ ಕಾಲಂನಲ್ಲಿ ಬರೆಯಲು ನನ್ನ ಬಳಿ ಏನೂ ಇಲ್ಲ, ವೀಕ್ಷಣೆ ಇದ್ದಷ್ಟನ್ನು ಮೇಲೆ ಕೊಟ್ಟಿದ್ದೇನೆ.

ಪರೀಕ್ಷಕಿ ಇನ್ನೂ ನಿಂತಿದ್ದಾರೆ. ಸೀಸೆ ತೆರೆದಿದೆ. ನಿಮಗೆ ಅಷ್ಟು ಅವಸರವಿದ್ದರೆ ನೀವೇ ಬನ್ನಿ, ಕಾಗದ ಅಲ್ಲೇ ಇದೆ. ತುದಿಯನ್ನಷ್ಟೇ ಅದ್ದಿ, ಇಡೀ ಬೆರಳು ಮುಳುಗಿಸಬೇಡಿ. ಮುಗಿದ ಮೇಲೆ ಕೈ ತೊಳೆದುಕೊಳ್ಳಿ. ಅದ್ದಿದ ಕಾಗದವನ್ನು ಮಾತ್ರ ಸಿಂಕಿಗೆ ಎಸೆಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ, ಆಮೇಲೆ ಅಕ್ಕ ನಿಮಗೆ ಏನು ಹೇಳುತ್ತಾಳೋ ಅದಕ್ಕೆ ನಾನು ಜವಾಬ್ದಾರನಲ್ಲ.